ಗುರಿಯ ಲೆಕ್ಕ ಆಟಗಾರನ ಕೈಯಲ್ಲೇ ಇರಲಿ: ವಿಕಲಚೇತನರ ನಿಖರ ಕ್ರೀಡೆಗಳಲ್ಲಿ ಸ್ವಯಂ ದಾಖಲೆಯ ವಿಧಾನವನ್ನು ಆರಿಸುವುದು ಹೇಗೆ?

ಬಿಳಿ ಗುರಿಚೆಂಡಿನ ಹತ್ತಿರಕ್ಕೆ ತಮ್ಮ ಚೆಂಡುಗಳನ್ನು ಕಳಿಸುವ ಬೋಚಾ ಆಟದಲ್ಲಿ ಒಂದು ಎಂಡ್, ಅಂದರೆ ಎರಡೂ ಕಡೆಯ ಚೆಂಡುಗಳೆಲ್ಲ ಮುಗಿಯುವ ಒಂದು ಸುತ್ತು, ಆರಂಭವಾದ ಮೇಲೆ ಅದು ಮುಗಿಯುವವರೆಗೆ ಕೋಚ್ ಆಟಗಾರನಿಗೆ ಏನನ್ನೂ ಹೇಳಿಕೊಡುವಂತಿಲ್ಲ. ರ‍್ಯಾಂಪ್ ಮೇಲಿಂದ ಚೆಂಡು ಉರುಳಿಸುವ, ಕೈಯಿಂದ ಎಸೆಯಲಾಗದ ಆಟಗಾರರ ಬಿ.ಸಿ. 3 ವರ್ಗದಲ್ಲಂತೂ ರ‍್ಯಾಂಪನ್ನು ಸರಿಸಿಕೊಡುವ ಸಹಾಯಕ ಅಂಕಣಕ್ಕೆ ಬೆನ್ನು ಹಾಕಿಯೇ ಕುಳಿತಿರಬೇಕು. ತಿರುಗಿ ನೋಡುವುದು ನಿಯಮಭಂಗ. 12.5 ಮೀಟರ್ ಉದ್ದ, 6 ಮೀಟರ್ ಅಗಲದ ಆ ಅಂಕಣದಲ್ಲಿ ಹಿಂದಿನ ಚೆಂಡು ಏಕೆ ಬಿಳಿ ಚೆಂಡಿನ ತನಕ ಹೋಗಲಿಲ್ಲ, ಮುಂದಿನದನ್ನು ಎಷ್ಟು ಎತ್ತರದಿಂದ ಬಿಡಬೇಕು ಎಂಬ ತೀರ್ಮಾನ ಆಟಗಾರನೊಬ್ಬನದೇ. ಹೀಗಿರುವಾಗ ವರ್ಷಪೂರ್ತಿ ಅಭ್ಯಾಸದಲ್ಲಿ ಪ್ರತಿ ಎಸೆತದ ತಪ್ಪನ್ನೂ ಕೋಚ್‌ಗಳಾದ ನಾವೇ ಹೇಳುತ್ತ ಬಂದರೆ, ಪಂದ್ಯದ ದಿನ ಅವನ ಬಳಿ ಇಲ್ಲದ ಒಂದು ಊರುಗೋಲಿನ ಮೇಲೆ ಅವನನ್ನು ನಡೆಸಿದಂತಾಗುತ್ತದೆ.

ಉಡುಪಿ ಮತ್ತು ಮಂಗಳೂರಿನಲ್ಲಿ ಬೋಚಾ, ಬಿಲ್ಲುಗಾರಿಕೆ, ಏರ್ ರೈಫಲ್ ಕಲಿಯುವ ವಿಕಲಚೇತನ ಮಕ್ಕಳ ಪೋಷಕರೂ ದೈಹಿಕ ಶಿಕ್ಷಕರೂ ನನ್ನನ್ನು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: ಮಕ್ಕಳು ತಮ್ಮ ಆಟವನ್ನು ತಾವೇ ಗಮನಿಸಿ ದಾಖಲಿಸಲು ಪುಸ್ತಕ ಒಳ್ಳೆಯದೋ, ಫೋನಿನ ವಿಡಿಯೋ ಒಳ್ಳೆಯದೋ, ಅಥವಾ ಯಾವುದಾದರೂ ಆ್ಯಪ್ ಕೊಳ್ಳಬೇಕೋ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಯಾವ ದಾಖಲೆಯನ್ನು ಆಟಗಾರನು ಇನ್ನೊಬ್ಬರ ನೆರವಿಲ್ಲದೆ ತಾನೇ ಮಾಡಬಲ್ಲನೋ, ಮಾಡಿದ್ದನ್ನು ಮರುದಿನ ತಾನೇ ಮತ್ತೆ ಅರ್ಥಮಾಡಿಕೊಳ್ಳಬಲ್ಲನೋ, ಅದನ್ನೇ ಆರಿಸಬೇಕು. ಹೆಚ್ಚು ಮಾಹಿತಿ ಕೊಡುವ ಸಾಧನ ಎಂಬುದು ಎರಡನೆಯ ಮಾತು. ಮುಂದಿನ ಹೋಲಿಕೆಗಳೆಲ್ಲ ಈ ಒಂದು ಅಳತೆಗೋಲಿನ ಮೇಲೆ ನಿಂತಿವೆ.

ಒಂದು ಗೊಂದಲವನ್ನು ಇಲ್ಲೇ ಬಿಡಿಸಿಡುವುದು ಒಳ್ಳೆಯದು. ಬೌದ್ಧಿಕ ಅಸಾಮರ್ಥ್ಯವಿರುವವರಿಗಾಗಿ ಸ್ಪೆಷಲ್ ಒಲಿಂಪಿಕ್ಸ್ ನಡೆಸುವ ಬೊಚ್ಚೆ ಆಟವೂ, ಮಿದುಳಿನ ಪಾರ್ಶ್ವವಾಯು (ಸೆರೆಬ್ರಲ್ ಪಾಲ್ಸಿ) ಮುಂತಾದ ತೀವ್ರ ದೈಹಿಕ ಅಸಾಮರ್ಥ್ಯವಿರುವವರು ಕುಳಿತು ಆಡುವ, 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿರುವ ಬೋಚಾ ಆಟವೂ ಬೇರೆ ಬೇರೆ. ಮೊದಲನೆಯದರಲ್ಲಿ ಪ್ರತಿ ಪಕ್ಷಕ್ಕೆ 4 ಗಟ್ಟಿ ಚೆಂಡುಗಳು; ಎರಡನೆಯದರಲ್ಲಿ 6 ಕೆಂಪು, 6 ನೀಲಿ, ಕೈಯಲ್ಲಿ ಒತ್ತಿದರೆ ತುಸು ಅದುಮಿಕೊಳ್ಳುವ ಸುಮಾರು 275 ಗ್ರಾಂ ತೂಕದ ಚೆಂಡುಗಳು. ಎರಡರಲ್ಲೂ ಗುರಿ ಒಂದೇ ಬಗೆಯದಾದ್ದರಿಂದ ಇಲ್ಲಿ ಹೇಳುವುದು ಎರಡಕ್ಕೂ ಸಲ್ಲುತ್ತದೆ, ಆದರೆ ದಾಖಲೆಯ ಹಾಳೆಯನ್ನು ಒಂದರಿಂದ ಇನ್ನೊಂದಕ್ಕೆ ಹಾಗೆಯೇ ಎತ್ತಿಕೊಳ್ಳಲಾಗದು.

ಬರೆಯಬೇಕಾದ್ದು ಅಂಕವೋ, ಬಿದ್ದ ಜಾಗವೋ, ಮಾಡಿದ ಕ್ರಮವೋ?

ಸಾಧನವನ್ನು ಆರಿಸುವ ಮೊದಲು ಏನನ್ನು ದಾಖಲಿಸಬೇಕೆಂದು ನಿರ್ಧರಿಸಬೇಕು. ನಮ್ಮ ಮುಂದಿರುವ ಆಯ್ಕೆಗಳು ಮೂರು.

ಅಂಕವನ್ನು ಬರೆಯುವುದು ಎಲ್ಲಕ್ಕಿಂತ ಸುಲಭ, ಮಕ್ಕಳಿಗೆ ಇಷ್ಟವೂ ಹೌದು. ಆದರೆ ಅದು ಹೇಳುವುದು ಬಹಳ ಕಡಿಮೆ. ಬೋಚಾದಲ್ಲಿ ಒಂದು ಎಂಡನ್ನು 3–0 ಅಂತರದಲ್ಲಿ ಗೆದ್ದದ್ದು ನಮ್ಮ ಹುಡುಗಿ ಚೆನ್ನಾಗಿ ಎಸೆದದ್ದರಿಂದಲೋ, ಎದುರಾಳಿ ಕೆಟ್ಟದಾಗಿ ಎಸೆದದ್ದರಿಂದಲೋ ಎಂದು ಆ ಸಂಖ್ಯೆಯಿಂದ ತಿಳಿಯುವುದಿಲ್ಲ. ಬಿಲ್ಲುಗಾರಿಕೆಯಲ್ಲಿ ಗುರಿಹಲಗೆಯ ಮೇಲ್ಭಾಗದಲ್ಲಿ ನೆಟ್ಟ 8 ಮತ್ತು ಕೆಳಭಾಗದಲ್ಲಿ ನೆಟ್ಟ 8 ಲೆಕ್ಕದಲ್ಲಿ ಒಂದೇ, ಆದರೆ ಅವುಗಳ ಕಾರಣಗಳು ಪೂರ್ವ ಪಶ್ಚಿಮ.

ಬಿದ್ದ ಜಾಗವನ್ನು ಗುರುತಿಸುವ ದಾಖಲೆ ಇದಕ್ಕಿಂತ ಬಹಳ ಮೇಲು. ಅದರ ಬೆಲೆಯನ್ನು ಒಂದು ಉದಾಹರಣೆಯಿಂದ ತೋರಿಸುತ್ತೇನೆ. ಒಬ್ಬ ಆಟಗಾರನ 6 ಚೆಂಡುಗಳು ಬಿಳಿ ಚೆಂಡನ್ನು ದಾಟಿ ಕ್ರಮವಾಗಿ 20, 25, 15, 30, 20, 10 ಸೆಂಟಿಮೀಟರ್ ಆಚೆ ನಿಂತವೆನ್ನಿ. ಇನ್ನೊಬ್ಬನ 6 ಚೆಂಡುಗಳು 40 ಆಚೆ, 35 ಈಚೆ, 10 ಆಚೆ, 20 ಈಚೆ, 30 ಆಚೆ, 25 ಈಚೆ ನಿಂತವೆನ್ನಿ. ಮೊದಲನೆಯವನ ಸರಾಸರಿ ತಪ್ಪು 20 ಸೆಂಟಿಮೀಟರ್, ಆದರೆ ಚೆಂಡುಗಳು ಒಂದರ ಪಕ್ಕ ಒಂದು ಬಿದ್ದಿವೆ. ಅವನ ಕೈ ಸ್ಥಿರವಾಗಿದೆ, ಅಂದಾಜು ಮಾತ್ರ ಉದ್ದವಾಗಿದೆ. ಎರಡನೆಯವನ ಸರಾಸರಿ ಸೊನ್ನೆ, ಆದರೆ ಚೆಂಡುಗಳು ಮುಕ್ಕಾಲು ಮೀಟರಿನಷ್ಟು ಹರಡಿವೆ. ಅವನ ಅಂದಾಜು ಸರಿಯಿದೆ, ಎಸೆತವೇ ಪ್ರತಿ ಸಲ ಬದಲಾಗುತ್ತಿದೆ. ಮೊದಲನೆಯವನಿಗೆ ಬೇಕಾದದ್ದು ತುಸು ಕಡಿಮೆ ಬಲ. ಎರಡನೆಯವನಿಗೆ ಬೇಕಾದದ್ದು ಕುಳಿತುಕೊಳ್ಳುವ ಭಂಗಿ, ಹಿಡಿತ, ಉಸಿರು ಇವುಗಳ ಮರುಪರಿಶೀಲನೆ. ಇಬ್ಬರಿಗೂ ‘ಇನ್ನೂ ಗಮನ ಕೊಡು’ ಎಂದು ಒಂದೇ ಮಾತು ಹೇಳಿದರೆ ಇಬ್ಬರಿಗೂ ಉಪಯೋಗವಿಲ್ಲ. ಈ ವ್ಯತ್ಯಾಸವನ್ನು ಆಟಗಾರನೇ ಕಾಗದದ ಮೇಲಿನ ಆರು ಚುಕ್ಕೆಗಳಲ್ಲಿ ನೋಡಿ ಗುರುತಿಸಿದ ದಿನ, ಅವನ ಪ್ರಶ್ನೆಗಳೇ ಬದಲಾಗುವುದನ್ನು ನಾನು ಕಂಡಿದ್ದೇನೆ. ಅಲ್ಲಿಯ ತನಕ ‘ಚೆನ್ನಾಗಿತ್ತಾ?’ ಎಂದು ಕೇಳುತ್ತಿದ್ದವನು ಅಂದಿನಿಂದ ‘ಗುಂಪು ಯಾಕೆ ಎಡಕ್ಕೆ ಬಿತ್ತು?’ ಎಂದು ಕೇಳತೊಡಗುತ್ತಾನೆ.

ಮೂರನೆಯದು ಕ್ರಮದ ದಾಖಲೆ: ಚಕ್ರದ ಬ್ರೇಕ್ ಹಾಕಿದೆನೇ, ಗುರಿಯನ್ನು ನೋಡಿ ಒಂದು ಉಸಿರು ಬಿಟ್ಟೆನೇ, ಎಸೆದ ಮೇಲೆ ಕೈಯನ್ನು ಗುರಿಯತ್ತಲೇ ಚಾಚಿ ನಿಲ್ಲಿಸಿದೆನೇ ಎಂಬಂಥ ಹೌದು–ಇಲ್ಲಗಳು. ಇಲ್ಲಿ ನೆನಪಿಡಬೇಕಾದ ಮಾತೆಂದರೆ ಈ ಕ್ರಮಪಟ್ಟಿಯನ್ನು ಪುಸ್ತಕದಿಂದ ನಕಲು ಮಾಡಲಾಗದು. ಎರಡೂ ತೋಳುಗಳಿಲ್ಲದೆ ಹುಟ್ಟಿ, ಕಾಲಿನಿಂದ ಬಿಲ್ಲು ಹಿಡಿದು, 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆಗೂಡಿ ಕಾಂಪೌಂಡ್ ಮಿಶ್ರ ತಂಡ ವಿಭಾಗದ ಕಂಚು ಗೆದ್ದ ಶೀತಲ್ ದೇವಿಗೆ ‘ಎಡಗೈ ಮೊಣಕೈ ಹೇಗಿದೆ’ ಎಂಬ ಪ್ರಶ್ನೆಗೆ ಅರ್ಥವೇ ಇಲ್ಲ. ಪ್ರತಿಯೊಬ್ಬರ ಶರೀರಕ್ಕೂ ಅದರದ್ದೇ ಆದ ಪಟ್ಟಿ ಬೇಕು, ಆ ಪಟ್ಟಿಯನ್ನು ಆಟಗಾರನ ಜೊತೆ ಕುಳಿತೇ ಮಾಡಬೇಕು.

ಅಂಕ ಮತ್ತು ಕ್ರಮ ಇವುಗಳಲ್ಲಿ ಯಾವುದು ಮೊದಲು ಎಂಬ ವಿಷಯದಲ್ಲಿ ಶೈಕ್ಷಣಿಕ ಮನೋವಿಜ್ಞಾನಿಗಳಾದ ಬ್ಯಾರಿ ಜಿಮ್ಮರ್‌ಮನ್ ಮತ್ತು ಅನಾಸ್ಟೇಸಿಯಾ ಕಿಟ್ಸಾಂಟಾಸ್ 1996 ಮತ್ತು 1997ರಲ್ಲಿ ಪ್ರಕಟಿಸಿದ ಅಧ್ಯಯನಗಳು ನಮಗೆ ದಾರಿ ತೋರಿಸುತ್ತವೆ. ಪ್ರೌಢಶಾಲೆಯ ಹುಡುಗಿಯರಿಗೆ ಡಾರ್ಟ್ ಎಸೆಯಲು ಕಲಿಸುವಾಗ, ಮೊದಲು ಎಸೆಯುವ ಕ್ರಮದ ಮೇಲೆ ಗಮನವಿಟ್ಟು, ಅದು ಕೈಗೆ ಹತ್ತಿದ ಮೇಲೆ ಅಂಕದತ್ತ ಹೊರಳಿದವರು ಉಳಿದವರಿಗಿಂತ ಚೆನ್ನಾಗಿ ಕಲಿತರು. ತಮ್ಮ ಎಸೆತವನ್ನು ತಾವೇ ದಾಖಲಿಸಿಕೊಂಡವರಿಗೆ ಅದರಿಂದ ಹೆಚ್ಚಿನ ಲಾಭವೂ ಆಯಿತು. ಆ ಹುಡುಗಿಯರು ವಿಕಲಚೇತನ ಕ್ರೀಡಾಪಟುಗಳಾಗಿರಲಿಲ್ಲ ಎಂಬುದನ್ನು ಮರೆಯದೆಯೇ, ಹೊಸಬರಿಗೆ ನಾನು ಇದೇ ಕ್ರಮವನ್ನು ಸೂಚಿಸುತ್ತೇನೆ: ಮೊದಲ ಕೆಲವು ವಾರ ಕ್ರಮದ ಒಂದೇ ಒಂದು ಅಂಶ, ಆಮೇಲೆ ಬಿದ್ದ ಜಾಗ, ಅಂಕವನ್ನು ವಾರಕ್ಕೊಮ್ಮೆ ಮಾತ್ರ.

ಇದಕ್ಕೆ ಒಂದು ಮುಖ್ಯ ಅಪವಾದವಿದೆ. ರ‍್ಯಾಂಪ್ ಬಳಸುವವರಲ್ಲಿ ಕೈಯ ಕ್ರಮಕ್ಕಿಂತ ಎತ್ತರ ಮತ್ತು ದಿಕ್ಕಿನ ತೀರ್ಮಾನವೇ ಆಟ. ಒಂದೇ ನೆಲದ ಮೇಲೆ, ಚೆಂಡು ಉರುಳುವ ದೂರವು ಅದನ್ನು ಬಿಟ್ಟ ಎತ್ತರಕ್ಕೆ ಸುಮಾರಾಗಿ ಸಮಪ್ರಮಾಣದಲ್ಲಿ ಏರುತ್ತದೆ. ಆದ್ದರಿಂದ ಅವರು ಮೊದಲ ದಿನದಿಂದಲೇ ಎತ್ತರ ಮತ್ತು ದೂರದ ಕೋಷ್ಟಕವನ್ನು ತಾವೇ ಕಟ್ಟಿಕೊಳ್ಳಬೇಕು. ನಯವಾದ ಮರದ ನೆಲದಲ್ಲಿ ಮಾಡಿದ ಕೋಷ್ಟಕ ಒರಟು ಸಿಮೆಂಟ್ ನೆಲದಲ್ಲಿ ಸುಳ್ಳಾಗುತ್ತದೆ. ಒಂದೇ ಸಭಾಂಗಣದಲ್ಲೂ ಏಪ್ರಿಲ್ ತಿಂಗಳ ಒಣ ನೆಲಕ್ಕೂ ಮಳೆಗಾಲದ ಆಟಿ ತಿಂಗಳ ಬೆವರುವ ನೆಲಕ್ಕೂ ವ್ಯತ್ಯಾಸವಿದೆ. ಹೀಗಾಗಿ ಕೋಷ್ಟಕದ ತಲೆಯ ಮೇಲೆ ತಾರೀಕು ಮತ್ತು ನೆಲದ ಹೆಸರು ಇರಲೇಬೇಕು.

ಸಾಧನಗಳ ಹೋಲಿಕೆ

ಗಟ್ಟಿ ರಟ್ಟಿಗೆ ಸಿಕ್ಕಿಸಿದ ಕಾಗದ ಮತ್ತು ಪೆನ್ಸಿಲ್ ಇವತ್ತಿಗೂ ನನ್ನ ಮೊದಲ ಆಯ್ಕೆ. ಅಂಕಣದ ಅಥವಾ ಗುರಿಹಲಗೆಯ ಚಿತ್ರವನ್ನು ಮೊದಲೇ ಮುದ್ರಿಸಿಟ್ಟರೆ ಆಟಗಾರನು ಚುಕ್ಕೆ ಇಟ್ಟರೆ ಸಾಕು. ಚಾರ್ಜ್ ಬೇಡ, ನೆಟ್‌ವರ್ಕ್ ಬೇಡ, ಮೂರು ತಿಂಗಳ ಹಾಳೆಗಳನ್ನು ನೆಲದ ಮೇಲೆ ಸಾಲಾಗಿ ಹರಡಿದರೆ ಪ್ರಗತಿ ಕಣ್ಣಿಗೆ ಕಾಣುತ್ತದೆ. ನಮ್ಮ ಕರಾವಳಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಕಾಗದ ತೇವ ಹೀರಿ ಮೆತ್ತಗಾಗುತ್ತದೆ, ಬಾಲ್‌ಪೆನ್ ಅದರ ಮೇಲೆ ಜಾರುತ್ತದೆ. ಪೆನ್ಸಿಲ್ ಮಾತ್ರ ಮೋಸ ಮಾಡುವುದಿಲ್ಲ. ಕೊರತೆ ಇರುವುದು ಬೇರೆ ಕಡೆ. ಕೈ ಅನೈಚ್ಛಿಕವಾಗಿ ಅಲುಗುವ ಆಟಗಾರರಿಗೆ ಸಣ್ಣ ಚುಕ್ಕೆ ಇಡುವುದೇ ಕಷ್ಟ. ಆಗ ತಾಯಿಯೋ ಸಹಾಯಕನೋ ಬರೆದುಕೊಡುತ್ತಾರೆ. ಬರೆಯುವವರ ಪ್ರೀತಿ ಲೆಕ್ಕದೊಳಗೆ ಸೇರಿಕೊಳ್ಳುತ್ತದೆ. 30 ಸೆಂಟಿಮೀಟರ್ ದೂರ 20 ಆಗುತ್ತದೆ. ಇದನ್ನು ತಪ್ಪಿಸಲು ಹಾಳೆಯನ್ನು ದೊಡ್ಡದು ಮಾಡಿ, ಪೆನ್ಸಿಲಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ, ಅಥವಾ ಶಾಯಿಯ ಮುದ್ರೆ ಒತ್ತುವಂತೆ ಮಾಡಿ ನೋಡಬೇಕು. ಅದೂ ಆಗದಿದ್ದರೆ ಕಾಗದವನ್ನು ಬಿಟ್ಟುಬಿಡಬೇಕು.

ಕಾಗದ ಬಿಟ್ಟಾಗ ನಾನು ಎತ್ತಿಕೊಳ್ಳುವುದು ನಮ್ಮ ಮನೆಗಳ ಅಟ್ಟದಲ್ಲಿರುವ ಚೆನ್ನೆಮಣೆಯನ್ನು. ಏಳರಂತೆ ಎರಡು ಸಾಲು, ಒಟ್ಟು 14 ಗುಳಿಗಳು. ಬೋಚಾದ ಒಂದು ಎಂಡಿಗೆ ಒಬ್ಬ ಆಟಗಾರನಿಗೆ 6 ಚೆಂಡು. ಅವನ ಸಾಲಿನ 6 ಗುಳಿಗಳು ಆ 6 ಚೆಂಡುಗಳಿಗೆ. ತಾನು ನಿಗದಿಪಡಿಸಿಕೊಂಡ ಕ್ರಮವನ್ನು ಪಾಲಿಸಿದೆನೆಂದು ಅನಿಸಿದರೆ ಗುಳಿಗೆ ಒಂದು ಬೀಜ, ಇಲ್ಲದಿದ್ದರೆ ಗುಳಿ ಖಾಲಿ. ಎದುರಿನ ಸಾಲಿನಲ್ಲಿ ಕೋಚ್ ತನ್ನ ತೀರ್ಮಾನದಂತೆ ಬೀಜ ಹಾಕುತ್ತಾನೆ, ಆದರೆ ಎಂಡ್ ಮುಗಿಯುವ ತನಕ ಆ ಸಾಲನ್ನು ಬೈರಾಸಿನಿಂದ ಮುಚ್ಚಿರುತ್ತಾನೆ. ಕೊನೆಗೆ ಬಟ್ಟೆ ತೆಗೆದಾಗ ಯಾವ ಚೆಂಡಿನ ವಿಷಯದಲ್ಲಿ ಇಬ್ಬರ ಅಭಿಪ್ರಾಯ ಒಂದಾಯಿತು, ಯಾವುದರಲ್ಲಿ ಬೇರೆಯಾಯಿತು ಎಂಬುದು ಓದು ಬರಹ ಬಾರದವರಿಗೂ ಎದುರು ಬದುರು ಗುಳಿಗಳಲ್ಲಿ ಕಾಣುತ್ತದೆ. ಕಣ್ಣು ಕಾಣದವರಿಗೆ ಬೆರಳಿಗೆ ಸಿಗುತ್ತದೆ. ಏಳನೆಯ ಗುಳಿಯಲ್ಲಿ ಒಪ್ಪಿದವುಗಳ ಒಟ್ಟು ಲೆಕ್ಕ. ಮಂಜೊಟ್ಟಿ ಬೀಜ ಚಂದ, ಆದರೆ ಚಿಕ್ಕದು. ಬೆರಳಿನ ಹಿಡಿತ ಸಾಲದವರಿಗೆ ಗಜ್ಜುಗ ಅನುಕೂಲ. ಬಾಯಿಗೆ ಹಾಕಿಕೊಳ್ಳುವ ಅಭ್ಯಾಸವಿರುವ ಮಕ್ಕಳ ಕೈಗೆ ಮಾತ್ರ ಯಾವ ಬೀಜವನ್ನೂ ಕೊಡಬಾರದು, ಅವರಿಗೆ ದೊಡ್ಡ ಮರದ ಬಿಲ್ಲೆಗಳೇ ಸರಿ. ಈ ಸಾಧನದ ದೋಷ ಅದು ಉಳಿಯುವುದಿಲ್ಲ ಎಂಬುದು; ಪ್ರತಿ ಎಂಡಿನ ಕೊನೆಗೆ ಒಂದು ಫೋಟೋ ತೆಗೆದಿಡಬೇಕು ಅಥವಾ ಏಳನೆಯ ಗುಳಿಯ ಸಂಖ್ಯೆಯನ್ನು ಪುಸ್ತಕಕ್ಕೆ ಇಳಿಸಬೇಕು.

ಫೋನಿನ ವಿಡಿಯೋ ಎಲ್ಲರ ಕೈಗೂ ಸುಲಭವಾಗಿ ಬರುವ ಸಾಧನ, ಎಲ್ಲಕ್ಕಿಂತ ಹೆಚ್ಚು ದುರುಪಯೋಗವಾಗುವುದೂ ಅದೇ. ಅದರ ಶಕ್ತಿ ದೊಡ್ಡದು. ಸಾಮಾನ್ಯ ವಿಡಿಯೋದಲ್ಲಿ ಸೆಕೆಂಡಿಗೆ 30 ಚಿತ್ರಗಳು, ಅಂದರೆ ಒಂದು ಚಿತ್ರಕ್ಕೂ ಮುಂದಿನದಕ್ಕೂ ಸುಮಾರು 33 ಮಿಲಿಸೆಕೆಂಡಿನ ಅಂತರ. ಬಾಣ ಬಿಡುವ ಕ್ಷಣ ಆ ಅಂತರದಲ್ಲೇ ಕಳೆದುಹೋಗಬಹುದು. ಸೆಕೆಂಡಿಗೆ 120 ಅಥವಾ 240 ಚಿತ್ರ ತೆಗೆಯುವ ನಿಧಾನಗತಿಯ ಸೌಲಭ್ಯ ಇದ್ದರೆ ಬೆರಳು ಬಿಚ್ಚುವ ಬಗೆ ಸ್ಪಷ್ಟವಾಗಿ ಕಾಣುತ್ತದೆ. ಫೋನನ್ನು ಕೈಯಲ್ಲಿ ಹಿಡಿಯದೆ, ಎಸೆತದ ದಿಕ್ಕಿಗೆ ಲಂಬವಾಗಿ, ಪ್ರತಿ ಸಲ ಒಂದೇ ಜಾಗದಲ್ಲಿ, ಒಂದೇ ಎತ್ತರದಲ್ಲಿ ನಿಲ್ಲಿಸಬೇಕು. ಇಲ್ಲದಿದ್ದರೆ ನಿನ್ನೆಯದಕ್ಕೂ ಇಂದಿನದಕ್ಕೂ ಹೋಲಿಕೆ ಸಾಧ್ಯವಿಲ್ಲ. ನೋಡುವಾಗ ಒಂದೇ ಪ್ರಶ್ನೆ ಇಟ್ಟುಕೊಳ್ಳಬೇಕು. ‘ನೋಡು, ಏನು ಕಾಣಿಸುತ್ತದೆ?’ ಎಂದರೆ ಮಗುವಿಗೆ ಕಾಣುವುದು ತನ್ನ ತಲೆಗೂದಲು, ಹಿಂದೆ ಹೋದ ಗೆಳೆಯ. ‘ಕೈ ಬಿಟ್ಟಾಗ ಭುಜ ಮೇಲೆ ಹೋಯಿತೇ?’ ಎಂದರೆ ಭುಜ ಕಾಣುತ್ತದೆ.

ವಿಡಿಯೋದ ವಿಷಯದಲ್ಲಿ ಇನ್ನೂ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ತಮ್ಮ ದೇಹದ ಚಲನೆಯನ್ನು ಪರದೆಯ ಮೇಲೆ ಮೊದಲ ಬಾರಿ ನೋಡಿದಾಗ ಕೆಲವು ಹದಿಹರೆಯದ ಆಟಗಾರರು ಮುಖ ತಿರುಗಿಸಿದ್ದಾರೆ. ಆಟದ ತಪ್ಪಿಗಿಂತ ಮುಂಚೆ ಅವರಿಗೆ ಕಂಡದ್ದು ತಮ್ಮ ಅಸಾಮರ್ಥ್ಯ. ಅಂಥವರಿಗೆ ತಪ್ಪಿನ ವಿಡಿಯೋ ತೋರಿಸುವುದನ್ನು ನಿಲ್ಲಿಸಿ, ಅವರದೇ ಅತ್ಯುತ್ತಮ ಎಸೆತಗಳನ್ನಷ್ಟೇ ಆಯ್ದು ಜೋಡಿಸಿ ತೋರಿಸುವುದು ಲೇಸು. ಪೀಟರ್ ಡೌರಿಕ್ ಅವರಂಥ ಮನೋವಿಜ್ಞಾನಿಗಳು ಬೆಳೆಸಿದ ಈ ಕ್ರಮದಲ್ಲಿ ಆಟಗಾರನು ತನಗೆ ತಾನೇ ಮಾದರಿಯಾಗುತ್ತಾನೆ. ಇನ್ನೊಂದು, ಮಕ್ಕಳ ವಿಡಿಯೋ ಯಾರ ಫೋನಿನಲ್ಲಿದೆ ಎಂಬ ಪ್ರಶ್ನೆ. ಪೋಷಕರ ಲಿಖಿತ ಒಪ್ಪಿಗೆ ಬೇಕು, ಆಟಗಾರನ ಒಪ್ಪಿಗೆಯೂ ಬೇಕು, ವಾಟ್ಸ್‌ಆ್ಯಪ್ ಗುಂಪುಗಳಿಗೆ ಹೋಗಬಾರದು. ಸಾಧ್ಯವಾದಷ್ಟೂ ಆಟಗಾರನ ಸ್ವಂತ ಫೋನಿನಲ್ಲೇ ಚಿತ್ರೀಕರಿಸಿ. ದಾಖಲೆ ಅವನದಾಗುವುದು ಆಗಲೇ.

ಧ್ವನಿಮುದ್ರಣವನ್ನು ನಾವು ಕಡಿಮೆ ಬಳಸುತ್ತೇವೆ, ಹೆಚ್ಚು ಬಳಸಬೇಕಿತ್ತು. ಬೆರಳಿಗಿಂತ ಮಾತು ಸರಾಗವಾಗಿರುವವರು ಪ್ರತಿ ಎಂಡಿನ ನಂತರ ಹತ್ತು ಸೆಕೆಂಡು ಮಾತನಾಡಿ ಮುದ್ರಿಸಿಕೊಂಡರೆ, ಮನೆಗೆ ಹೋಗುವ ಬಸ್ಸಿನಲ್ಲಿ ಕೇಳಿಸಿಕೊಳ್ಳಬಹುದು. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಅಥವಾ ಕುಂದಾಪ್ರ ಕನ್ನಡ ಆಡುವ ಮಗು ತನ್ನ ಆಟದ ಬಗ್ಗೆ ಆ ಮಾತಿನಲ್ಲೇ ಹೇಳಿಕೊಳ್ಳಲಿ. ಕ್ರಮದ ಸೂಚನೆಗಳೂ ಹಾಗೆಯೇ: ‘ಉಂತು, ತೂಲ, ಬುಡು’ ಎಂಬ ಮೂರು ತುಳು ಶಬ್ದಗಳು ನಿಲ್ಲುವುದು, ನೋಡುವುದು, ಬಿಡುವುದು ಎಂಬ ಇಡೀ ಕ್ರಮವನ್ನು ಹಿಡಿದಿಡುತ್ತವೆ. ಮಾತು ಅಸ್ಪಷ್ಟವಾಗಿರುವ ಆಟಗಾರರ ಧ್ವನಿಯನ್ನು ಅಕ್ಷರಕ್ಕಿಳಿಸುವ ಆ್ಯಪ್‌ಗಳು ತಪ್ಪಾಗಿ ಗ್ರಹಿಸುತ್ತವೆ. ಅವುಗಳನ್ನು ನಂಬದೆ ಧ್ವನಿಯನ್ನು ಧ್ವನಿಯಾಗಿಯೇ ಇಡಬೇಕು.

ಇನ್ನು ಎಲೆಕ್ಟ್ರಾನಿಕ್ ಗುರಿಹಲಗೆ. 10 ಮೀಟರ್ ಏರ್ ರೈಫಲ್‌ನಲ್ಲಿ ಹತ್ತರ ಚುಕ್ಕೆಯ ವ್ಯಾಸ ಕೇವಲ 0.5 ಮಿಲಿಮೀಟರ್, ಗುಂಡಿನದು 4.5 ಮಿಲಿಮೀಟರ್, ಗರಿಷ್ಠ ಅಂಕ 10.9. ಭಾರತದ ಶೂಟರ್ ಅವನಿ ಲೇಖರಾ ಟೋಕಿಯೊ ಮತ್ತು ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಚಿನ್ನ ಗೆದ್ದ ಸ್ಪರ್ಧೆ ಇದು. ಇಷ್ಟು ಸೂಕ್ಷ್ಮವಾದಲ್ಲಿ ಯಂತ್ರದ ಅಳತೆಗೆ ಬದಲಿಯಿಲ್ಲ. ಆದರೆ ಯಂತ್ರ ಅಳೆಯುತ್ತದೆಯೇ ಹೊರತು ಆಟಗಾರನಿಗೆ ಗಮನಿಸುವುದನ್ನು ಕಲಿಸುವುದಿಲ್ಲ. ಶೂಟಿಂಗ್ ಹೊರತು ಉಳಿದ ಆಟಗಳಿಗೆ ಅಂಥ ದುಬಾರಿ ಸಾಧನಕ್ಕಾಗಿ ಕಾಯಬೇಕಾಗಿಲ್ಲ.

ಶರೀರಕ್ಕೆ ತಕ್ಕ ದಾಖಲೆ

ಬೆನ್ನುಹುರಿಗೆ ಪೆಟ್ಟಾದ ಬಿಲ್ಲುಗಾರರ ಹಾಳೆಯಲ್ಲಿ ಬಾಣಗಳ ಪಕ್ಕ ಇನ್ನೊಂದು ಕಂಬಸಾಲು ಇರಬೇಕು. ಪೆಟ್ಟಾದ ಮಟ್ಟಕ್ಕಿಂತ ಕೆಳಗೆ ಅವರ ದೇಹ ಸರಿಯಾಗಿ ಬೆವರುವುದಿಲ್ಲ. ಕುತ್ತಿಗೆಯ ಭಾಗದಲ್ಲಿ ಪೆಟ್ಟಾದವರಿಗೆ ಈ ತೊಂದರೆ ತೀವ್ರ. ಬೆವರಿದವರ ಬೆವರೂ ಆರದ ಮಂಗಳೂರಿನ ಮೇ ತಿಂಗಳಲ್ಲಿ ಒಳಗಿನ ಉಷ್ಣತೆ ಏರುವುದು ಅವರಿಗೆ ತಡವಾಗಿ ತಿಳಿಯುತ್ತದೆ. 72 ಬಾಣಗಳ ಸುತ್ತಿನಲ್ಲಿ 40ನೆಯ ಬಾಣದಿಂದ ಗುಂಪು ಹರಡತೊಡಗಿದರೆ ಅದು ತಂತ್ರದ ದೋಷವೋ, ದೇಹ ಕಾದದ್ದೋ? ನೀರು ಕುಡಿದ ಹೊತ್ತು, ಒದ್ದೆ ಬಟ್ಟೆ ಹಾಕಿಕೊಂಡ ಹೊತ್ತು, ಕುಳಿತಲ್ಲಿಂದ ಮೈಯನ್ನು ಎತ್ತಿ ಒತ್ತಡ ಇಳಿಸಿದ ಹೊತ್ತು, ಸ್ನಾಯು ಸೆಳೆತ ಬಂದ ಹೊತ್ತು ಇವನ್ನು ಆಟಗಾರನೇ ಬರೆದಿಟ್ಟರೆ ಉತ್ತರ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಇದು ಅಂಕಕ್ಕಿಂತ ಮುಖ್ಯವಾದ ದಾಖಲೆ.

ದೃಷ್ಟಿದೋಷವಿರುವ ಬಿಲ್ಲುಗಾರರು 30 ಮೀಟರ್ ದೂರದಿಂದ, ಕೈಯ ಹಿಂಬದಿಗೆ ತಾಗುವ ಸ್ಪರ್ಶ ಸಾಧನದ ನೆರವಿನಿಂದ ಗುರಿ ಹಿಡಿಯುತ್ತಾರೆ. ಬಾಣ ಎಲ್ಲಿ ನೆಟ್ಟಿತೆಂದು ಜೊತೆಗಾರ ಹೇಳುತ್ತಾನೆ. ಹೇಳುವಾಗ ಗಡಿಯಾರದ ಮುಳ್ಳಿನ ಲೆಕ್ಕ ಅತ್ಯಂತ ಸ್ಪಷ್ಟ: ‘ಎಂಟು, ಎರಡು ಗಂಟೆ ಕಡೆಗೆ.’ ಕೇಳಿ ಮರೆಯುವ ಬದಲು, ಹಗ್ಗ ಅಂಟಿಸಿ ವೃತ್ತಗಳನ್ನು ಉಬ್ಬಿಸಿದ ಒಂದು ಥರ್ಮಾಕೋಲ್ ತಟ್ಟೆಯ ಮೇಲೆ ಆಟಗಾರನೇ ಗುಂಡುಸೂಜಿ ಚುಚ್ಚುತ್ತ ಹೋದರೆ, ಗುಂಪಿನ ಆಕಾರ ಬೆರಳ ತುದಿಗೆ ಬರುತ್ತದೆ.

ಬೌದ್ಧಿಕ ಅಸಾಮರ್ಥ್ಯವಿರುವವರಿಗೆ ಒಂದು ಹಾಳೆಯಲ್ಲಿ ಒಂದೇ ಪ್ರಶ್ನೆ, ಅದೂ ಚಿತ್ರದಲ್ಲಿ. ಚಿತ್ರ ಅವರದೇ ಫೋಟೋ ಆಗಿದ್ದರೆ ಇನ್ನೂ ಒಳ್ಳೆಯದು. ಎರಡು ಪ್ರಶ್ನೆ ಸೇರಿಸುವ ಆತುರ ಬೇಡ.

ನಂಬಬಹುದಾದ ದಾಖಲೆಯನ್ನು ಕಲಿಸುವುದು

ಯಾವ ಸಾಧನವನ್ನು ಆರಿಸಿದರೂ, ‘ಇನ್ನು ಮೇಲೆ ನೀನೇ ಬರೆ’ ಎಂದು ಪೆನ್ಸಿಲ್ ಕೊಟ್ಟರೆ ಕಲಿಸಿದಂತಾಗುವುದಿಲ್ಲ. ಗಮನಿಸುವುದೂ ಒಂದು ಕೌಶಲ; ಅದನ್ನು ಎಸೆತದಷ್ಟೇ ತಾಳ್ಮೆಯಿಂದ ಹೇಳಿಕೊಡಬೇಕು. ನಾನು ಮೊದಲು ನಾನೇ ಎಸೆದು, ಬೇಕೆಂದೇ ಕೆಲವನ್ನು ತಪ್ಪಾಗಿ ಎಸೆದು, ಆಟಗಾರನಿಂದ ತೀರ್ಪು ಕೇಳುತ್ತೇನೆ. ಇತರರ ತಪ್ಪು ಕಾಣುವುದು ಸುಲಭ, ಅದರಿಂದ ಮನಸ್ಸಿಗೆ ನೋವೂ ಇಲ್ಲ. ‘ಸರಿ’ ಎಂದರೆ ಏನು ಎಂಬುದರಲ್ಲಿ ನಮ್ಮಿಬ್ಬರಿಗೂ ಒಂದೇ ತಿಳಿವಳಿಕೆ ಬಂದ ಮೇಲೆ ಅವನ ಎಸೆತಗಳನ್ನು ಇಬ್ಬರೂ ಬೇರೆ ಬೇರೆಯಾಗಿ ದಾಖಲಿಸಿ ತಾಳೆ ನೋಡುತ್ತೇವೆ. 24 ಚೆಂಡುಗಳಲ್ಲಿ 20ಕ್ಕೆ ಒಪ್ಪಿಗೆಯಾದರೆ ಅದು ಶೇಕಡಾ 83. ವರ್ತನೆಯನ್ನು ಅಳೆಯುವವರು ಸಾಮಾನ್ಯವಾಗಿ ಶೇಕಡಾ 80ನ್ನು ಕನಿಷ್ಠ ಮಟ್ಟವೆಂದು ಇಟ್ಟುಕೊಳ್ಳುತ್ತಾರೆ. ಮೂರು ನಾಲ್ಕು ಅಭ್ಯಾಸಗಳಲ್ಲಿ ಸತತವಾಗಿ ಅದಕ್ಕಿಂತ ಮೇಲೆ ನಿಂತರೆ ನಾನು ಹಿಂದೆ ಸರಿದು, ಆಗೊಮ್ಮೆ ಈಗೊಮ್ಮೆ ಮಾತ್ರ ತಾಳೆ ನೋಡುತ್ತೇನೆ. ಮುಟ್ಟದಿದ್ದರೆ ತಪ್ಪು ಆಟಗಾರನದೆಂದು ತಿಳಿಯಬಾರದು. ಹೆಚ್ಚಿನ ಸಲ ನಮ್ಮ ವ್ಯಾಖ್ಯೆಯೇ ಮಸುಕಾಗಿರುತ್ತದೆ: ‘ಚೆನ್ನಾಗಿ ಬಿಟ್ಟೆ’ ಎಂಬುದು ಒಬ್ಬೊಬ್ಬರಿಗೆ ಒಂದೊಂದು, ‘ಬಿಟ್ಟ ಮೇಲೆ ಕೈ ಗುರಿಯತ್ತ ಇತ್ತು’ ಎಂಬುದು ಎಲ್ಲರಿಗೂ ಒಂದೇ.

ನಾನು ಮಾಡಿದ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಆರಂಭದ ವರ್ಷ ಹಾಳೆಯಲ್ಲಿ ಹೆಚ್ಚು ‘ಹೌದು’ ಇದ್ದವರಿಗೆ ನಕ್ಷತ್ರದ ಚೀಟಿ ಅಂಟಿಸುತ್ತಿದ್ದೆ. ಎರಡೇ ವಾರದಲ್ಲಿ ಎಲ್ಲರ ಹಾಳೆಯೂ ‘ಹೌದು’ಗಳಿಂದ ತುಂಬಿತು, ಚೆಂಡುಗಳು ಮಾತ್ರ ಬೀಳುವಲ್ಲೇ ಬೀಳುತ್ತಿದ್ದವು. ಮಕ್ಕಳು ಸುಳ್ಳು ಹೇಳಿದ್ದಲ್ಲ. ನಾನು ಕೇಳಿದ್ದನ್ನೇ ಕೊಟ್ಟರು. ಅಂದಿನಿಂದ ಮೆಚ್ಚುಗೆ ಸಲ್ಲುವುದು ಅಂಕಕ್ಕಲ್ಲ, ತಾಳೆಗೆ. ಆರು ಚೆಂಡೂ ತಪ್ಪಿ, ಆರನ್ನೂ ತಪ್ಪೆಂದೇ ಗುರುತಿಸಿದ ಹುಡುಗಿಗೆ ಆ ದಿನದ ಅತ್ಯುತ್ತಮ ದಾಖಲೆ ಎಂಬ ಮಾತು ಸಿಗಬೇಕು. ಇದರ ಜೊತೆಗೆ, ತಮ್ಮನ್ನು ತಾವು ಅತಿ ಕಠಿಣವಾಗಿ ಅಳೆಯುವವರ ಮೇಲೂ ಕಣ್ಣಿಡಬೇಕು. ಪೋಷಕರ ನಿರೀಕ್ಷೆ ಹೆಚ್ಚಿರುವ ಮನೆಗಳ ಮಕ್ಕಳು ಸರಿಯಾದ ಎಸೆತವನ್ನೂ ತಪ್ಪೆಂದು ಬರೆಯುವುದುಂಟು. ಅದೂ ತಾಳೆಯಲ್ಲಿ ಕಾಣುವ ದೋಷವೇ, ಸರಿಪಡಿಸುವ ದಾರಿ ಮಾತ್ರ ಬೇರೆ: ಅವರೊಡನೆ ವಿಡಿಯೋ ನೋಡಬೇಕು.

ಎಷ್ಟು ಬಾರಿ, ಯಾವಾಗ?

ಪ್ರತಿ ಎಸೆತಕ್ಕೂ ಬರೆಯುವುದೋ, ಎಂಡಿಗೊಮ್ಮೆಯೋ, ಅಭ್ಯಾಸದ ಕೊನೆಗೋ? ಚಲನೆಯ ಕಲಿಕೆಯ ಬಗ್ಗೆ 1984ರಲ್ಲಿ ಸಾಲ್ಮೋನಿ, ಶ್ಮಿಟ್ ಮತ್ತು ವಾಲ್ಟರ್ ಮಾಡಿದ ವಿಮರ್ಶೆ ಒಂದು ಎಚ್ಚರಿಕೆಯನ್ನು ನಮ್ಮ ಮುಂದಿಟ್ಟಿತು: ಪ್ರತಿ ಪ್ರಯತ್ನಕ್ಕೂ ಹೊರಗಿನಿಂದ ಫಲಿತಾಂಶ ಹೇಳುತ್ತ ಹೋದರೆ ಅಭ್ಯಾಸದ ಹೊತ್ತಿಗೆ ಆಟ ಚೆನ್ನಾಗಿ ಕಾಣುತ್ತದೆ, ಆ ನೆರವು ನಿಂತ ಮೇಲೆ ಕುಸಿಯುತ್ತದೆ. ಆದರೆ ಈ ಮಾತನ್ನು ಎಳೆಯ ಮಕ್ಕಳಿಗೆ ಹಾಗೆಯೇ ಅನ್ವಯಿಸಬಾರದು. ಅವರಿಗೆ ಹೆಚ್ಚು ಕಾಲದ ಅಭ್ಯಾಸ ಬೇಕು, ನೆರವನ್ನು ಇನ್ನೂ ನಿಧಾನವಾಗಿ ಇಳಿಸಬೇಕು. ನನ್ನ ಅಭ್ಯಾಸದಲ್ಲಿ ಮೊದಲ ತಿಂಗಳು ಪ್ರತಿ ಚೆಂಡಿಗೆ, ಆಮೇಲೆ ಮೂರಕ್ಕೊಮ್ಮೆ, ಆಮೇಲೆ ಎಂಡಿಗೊಮ್ಮೆ. ದಣಿದ ದಿನ, ಜ್ವರದಿಂದ ಎದ್ದ ವಾರ, ಹೊಸ ಗಾಲಿಕುರ್ಚಿ ಬಂದಾಗ ಮತ್ತೆ ಮೊದಲ ಹಂತಕ್ಕೆ ಹೋಗಲು ಸಂಕೋಚ ಬೇಡ.

ಯಾವ ವಿಧಾನವಾದರೂ ಅದಕ್ಕೆ ಒಂದು ಅಭ್ಯಾಸವನ್ನು ಸೇರಿಸಿಕೊಳ್ಳಿ. ಶೂಟಿಂಗ್‌ನಲ್ಲಿ ನುರಿತವರು ಗುಂಡು ಹಾರಿಸಿದ ತಕ್ಷಣ, ಪರದೆ ನೋಡುವ ಮುಂಚೆ, ಅದು ಎಲ್ಲಿ ಬಿದ್ದಿತೆಂದು ತಾವೇ ಹೇಳಿಕೊಳ್ಳುತ್ತಾರೆ. ಬಿಲ್ಲುಗಾರನೂ ದುರ್ಬೀನಿಗೆ ಕಣ್ಣಿಡುವ ಮೊದಲು ಹೇಳಲಿ. ಬೋಚಾದಲ್ಲಿ ಚೆಂಡು ಕೈಬಿಟ್ಟ ಕೂಡಲೇ, ಅದು ನಿಲ್ಲುವ ಮುಂಚೆ, ‘ಉದ್ದ’, ‘ಗಿಡ್ಡ’, ‘ಸರಿ’ ಎಂಬ ಮೂರರಲ್ಲಿ ಒಂದನ್ನು ಹೇಳಲಿ. ಆ ಊಹೆಗೂ ನಡೆದದ್ದಕ್ಕೂ ನಡುವಿನ ಅಂತರ ತಿಂಗಳಿಂದ ತಿಂಗಳಿಗೆ ಕಿರಿದಾಗುತ್ತಿದೆಯೇ ಎಂಬುದೇ ನಾನು ಎಲ್ಲಕ್ಕಿಂತ ಹೆಚ್ಚಾಗಿ ನಂಬುವ ಅಳತೆ. ಇದಕ್ಕೆ ಖರ್ಚಿಲ್ಲ, ಯಾವ ಅಸಾಮರ್ಥ್ಯವೂ ಅಡ್ಡಿಯಲ್ಲ. ಮಾತು ಬಾರದವರು ಮೂರು ಚಿತ್ರಗಳಲ್ಲಿ ಒಂದರತ್ತ ಕಣ್ಣು ಹಾಯಿಸಿದರೂ ಸಾಕು.

ಪಂದ್ಯಕ್ಕಾಗಿ ಬೇರೆ ಊರಿಗೆ ಹೋಗುವಾಗ ಸಾಧನಗಳನ್ನು ಕಡಿಮೆ ಮಾಡಿಕೊಳ್ಳಿ. ಉಡುಪಿಯಿಂದ ಮಂಗಳೂರಿಗೆ ಸುಮಾರು 55 ಕಿಲೋಮೀಟರ್ ಬಸ್ಸಿನಲ್ಲಿ ಗಾಲಿಕುರ್ಚಿ, ರ‍್ಯಾಂಪ್, ಚೆಂಡಿನ ಚೀಲ ಇವುಗಳನ್ನು ಏರಿಸಿ ಇಳಿಸುವುದೇ ಒಂದು ಕೆಲಸ, ಚೆನ್ನೆಮಣೆ ಮನೆಯಲ್ಲಿರಲಿ. ರಟ್ಟು, ನಾಲ್ಕು ಹಾಳೆ, ಎರಡು ಪೆನ್ಸಿಲ್ ಸಾಕು. ಹಿಂದಿನ ದಿನ ಅಭ್ಯಾಸಕ್ಕೆ ಅಂಕಣ ಸಿಕ್ಕಿದರೆ ಆಟವಾಡುವ ಮೊದಲು, ಗೊತ್ತಿರುವ ಮೂರು ಎತ್ತರಗಳಿಂದ ಎರಡೆರಡರಂತೆ 6 ಚೆಂಡು ಬಿಟ್ಟು, ಅವು ನಿಂತ ದೂರವನ್ನು ಆಟಗಾರನೇ ಹಾಳೆಗೆ ಇಳಿಸಲಿ. ಹಳೆಯ ಕೋಷ್ಟಕದ ಪಕ್ಕ ಹೊಸದನ್ನು ಇಟ್ಟು, ಈ ನೆಲ ನಮ್ಮ ನೆಲಕ್ಕಿಂತ ವೇಗವೋ ನಿಧಾನವೋ ಎಂದು ಅವನು ನಮಗೆ ಹೇಳಲಿ. ಅವನು ಹೇಳಿ ಮುಗಿಸುವ ತನಕ ನಾವು ಸುಮ್ಮನಿರಬೇಕು.